ಮೊಣಕಾಲಿಗೆ ತಾಗದ ಸೂತಕ

ಮನುಷ್ಯರಿಗೆ ನಾನಾ ಬಗೆಯ ಚಟಗಳಿರುತ್ತವೆ. ಎಲೆಯಡಿಕೆ, ನಶ್ಯ, ಇಸ್ಪೀಟು, ಪಕ್ಕದ ಮನೆಯ ಜಗಳಕ್ಕೆ ಕಿವಿಗೊಡುವುದು, ಹೀಗೆ. ಇವುಗಳಲ್ಲಿ ಯಾವುದನ್ನು ಹಚ್ಚಿಕೊಂಡರೂ ಮನೆಯವರು ಬೈಯುತ್ತಾರೆ, ಊರವರು ಆಡಿಕೊಳ್ಳುತ್ತಾರೆ. ಆದರೆ ಡಾಕ್ಟರೇ ಚೀಟಿಯಲ್ಲಿ ಬರೆದುಕೊಟ್ಟು, ಹೆಂಡತಿಯೇ ನೀರಿನ ಲೋಟದ ಸಮೇತ ಕೈಗೆ ತಂದುಕೊಟ್ಟು, "ತಕಂಡ್ರ್ಯಾ?" ಎಂದು ಪ್ರೀತಿಯಿಂದ ವಿಚಾರಿಸಿಕೊಳ್ಳುವ ಚಟವೂ ಒಂದಿದೆ. ಅದು ನೋವಿನ ಮಾತ್ರೆಯ ಚಟ. ನಾನು ಮೊದಲಿನಿಂದಲೂ ಮರ್ಯಾದಸ್ಥನೆಂದು ಹೆಸರಾದವನು. ಹಾಗಾಗಿ ಚಟಗಳಲ್ಲೂ ಮರ್ಯಾದೆಯದ್ದನ್ನೇ ಆರಿಸಿಕೊಂಡೆ ಅಂತ ಕಾಣುತ್ತದೆ. ಹಚ್ಚಿಕೊಳ್ಳುವಾಗ ಏನೂ ಕಷ್ಟವಾಗಲಿಲ್ಲ. ಬಿಡುವಾಗ ಮಾತ್ರ ನನ್ನ ಇಡೀ ಕುಟುಂಬ, ಅಂದರೆ ಬದುಕಿದ್ದವರು, ಸತ್ತವರು, ಹುಟ್ಟಲಿದ್ದವರು ಎಲ್ಲರೂ ನಡುವೆ ಬಂದರು.

ನಾನು ಬೈಂದೂರು ಕಡೆಯ ಹೈಸ್ಕೂಲೊಂದರಲ್ಲಿ ಪಿ.ಟಿ. ಮಾಷ್ಟ್ರಾಗಿದ್ದವನು. ಈಗ ನಿವೃತ್ತನಾಗಿ ಕೋಟೇಶ್ವರದಲ್ಲಿ ಮನೆ ಮಾಡಿಕೊಂಡಿದ್ದೇನೆ. ಪಿ.ಟಿ. ಮಾಷ್ಟ್ರಿಗೆ ಮೊಣಕಾಲು ನೋವು ಅಂದರೆ ಜನ ನಂಬುವುದಿಲ್ಲ. ಲೆಕ್ಕದ ಮಾಷ್ಟ್ರಿಗೆ ಲೆಕ್ಕ ತಪ್ಪಿದರೆ ಯಾರಿಗೂ ಗೊತ್ತಾಗುವುದಿಲ್ಲ, ಪಿ.ಟಿ. ಮಾಷ್ಟ್ರು ಕುಂಟಿದರೆ ಬಸ್‌ಸ್ಟ್ಯಾಂಡಿನಿಂದಲೇ ಕಾಣುತ್ತದೆ. ನಿವೃತ್ತಿಯ ಮೇಲೂ ಆಸುಪಾಸಿನ ವಾಲಿಬಾಲ್ ಪಂದ್ಯಗಳಿಗೆ ನನ್ನನ್ನು ರೆಫ್ರಿಯಾಗಿ ಕರೆಯುತ್ತಿದ್ದರು. ಒಂದು ಭಾನುವಾರ ಮೇಜಿನ ಮೇಲೆ ಮೇಜಿಟ್ಟು ಮಾಡಿದ ಎತ್ತರದ ಪೀಠಕ್ಕೆ ಹೇಗೋ ಹತ್ತಿ ಕುಳಿತು ಪಂದ್ಯ ಮುಗಿಸಿದೆ. ಇಳಿಯಬೇಕೆಂದರೆ ಬಲಗಾಲು ಮಡಚಲೂ ಇಲ್ಲ, ಚಾಚಲೂ ಇಲ್ಲ. "ಕೆಳ್ಗ್ ಬನ್ನಿ ಮಾಷ್ಟ್ರೆ, ಊಟಕ್ಕಾಯ್ತ್" ಎಂದು ಕರೆದರು. ನಾನು ಆಟದ ನಿಯಮಗಳ ಬಗ್ಗೆ ಗಂಭೀರವಾಗಿ ಯೋಚಿಸುತ್ತಿರುವವನ ಹಾಗೆ ಆಕಾಶ ನೋಡುತ್ತಾ ಕುಳಿತೆ. ಕೊನೆಗೆ ಗೆದ್ದ ತಂಡದ ಹುಡುಗರು ಕಪ್ಪನ್ನು ನೆಲಕ್ಕಿಟ್ಟು ನನ್ನನ್ನು ಹೆಗಲ ಮೇಲೆ ಎತ್ತಿಕೊಂಡು ಇಳಿಸಿದರು. ದೂರದಲ್ಲಿದ್ದವರು ಪಂದ್ಯ ಗೆದ್ದವನೇ ನಾನೆಂದು ತಿಳಿದು ಚಪ್ಪಾಳೆ ಹೊಡೆದರು. ಮರುದಿನದಿಂದ ಮಾತ್ರೆ ಶುರುವಾಯಿತು.

ಮೊದಲು ನೋವಿದ್ದಾಗ ಮಾತ್ರ ತಿನ್ನುತ್ತಿದ್ದೆ. ಆಮೇಲೆ ನೋವು ಬಂದೀತೆಂದು ತಿನ್ನತೊಡಗಿದೆ. ಅದಾದ ಮೇಲೆ, ನಿನ್ನೆ ತಿಂದಿದ್ದೆನಲ್ಲ ಎಂಬುದೇ ಇವತ್ತು ತಿನ್ನುವುದಕ್ಕೆ ಕಾರಣವಾಯಿತು. ಒಂದು ಜಾತಿಯದ್ದು ಸಾಲದೆ ಇನ್ನೊಂದು ಜೋರಿನದ್ದೂ ಜೊತೆಗೆ ಸೇರಿತು. ಖಾಲಿ ಹೊಟ್ಟೆಗೆ ತಿನ್ನಬಾರದೆಂದು ಡಾಕ್ಟರು ಹೇಳಿದ್ದರಿಂದ ಮಾತ್ರೆಗೆ ಮರ್ಯಾದೆಯಾಗಿ ಮೊದಲು ಏನಾದರೂ ತಿನ್ನಬೇಕಾಗುತ್ತಿತ್ತು. ಬೆಳಿಗ್ಗೆ ನೀರುದೋಸೆ, ಸಂಜೆ ಪೇಟೆಯ ಗೋಳಿಬಜೆ ಅಥವಾ ಬನ್ಸು. ತಿಂದು ತಿಂದು ತೂಕ ಏರಿತು, ತೂಕ ಏರಿದ್ದಕ್ಕೆ ಮೊಣಕಾಲು ಇನ್ನಷ್ಟು ನೊಂದಿತು, ನೊಂದದ್ದಕ್ಕೆ ಮಾತ್ರೆ, ಮಾತ್ರೆಗೆ ಮತ್ತೆ ಗೋಳಿಬಜೆ. ಈ ಚಕ್ರದಲ್ಲಿ ಹೋಟೆಲಿನವನೊಬ್ಬನನ್ನು ಬಿಟ್ಟು ಬೇರೆ ಯಾರಿಗೂ ಲಾಭವಾಗಲಿಲ್ಲ.

ನಮ್ಮೂರಲ್ಲಿ ನೋವಿನ ಮಾತ್ರೆ ಎಲೆಯಡಿಕೆಯ ಜಾಗಕ್ಕೆ ಬಂದು ಕುಳಿತಿದೆ ಎಂಬುದನ್ನೂ ನಾನು ಆಗಲೇ ಕಂಡುಕೊಂಡದ್ದು. ಮದುವೆ ಮನೆಯಲ್ಲಿ ಊಟ ಮುಗಿಸಿ ನನ್ನ ಪ್ರಾಯದವರು ನಾಲ್ಕು ಜನ ಕುರ್ಚಿ ಎಳೆದು ಕುಳಿತರೆ ಸಾಕು, ಜೇಬಿನಿಂದ ಮಾತ್ರೆಯ ಪಟ್ಟಿಗಳು ಹೊರಬರುತ್ತವೆ. "ಇದ್ ತಿಂದ್ ಕಾಣಿ, ಮಣಿಪಾಲದ್ದ್, ಲಾಯ್ಕಿತ್ತ್" ಎಂದು ಒಬ್ಬರು ಕೊಟ್ಟರೆ, "ಅದೆಂತ ಮಾರಾಯ್ರೆ, ನನ್ನ ಮಗ ಮುಂಬೈಯಿಂದ ತಂದದ್ದಿತ್ತ್" ಎಂದು ಇನ್ನೊಬ್ಬರು. ಬೇಡ ಅಂದರೆ ಬೇಜಾರು ಮಾಡಿಕೊಳ್ಳುತ್ತಾರೆ. ದಾಕ್ಷಿಣ್ಯಕ್ಕೆ ಬಸಿರಾಗುವುದನ್ನು ಕೇಳಿದ್ದೆ. ನಾನು ದಾಕ್ಷಿಣ್ಯಕ್ಕೆ ಮಾತ್ರೆ ನುಂಗಿ ಮದುವೆ ಮನೆಯಿಂದ ತೂಗಾಡುತ್ತಾ ಬಂದವನು. ಹೆಂಡತಿ ಗಿರಿಜ ನನ್ನ ಬಾಯಿ ಮೂಸಿ ನೋಡಿ, ವಾಸನೆ ಇಲ್ಲದ್ದನ್ನು ಕಂಡು ಇನ್ನೂ ಹೆಚ್ಚು ಗಾಬರಿಯಾದಳು.

ಅವಳೇ ಎಳೆದುಕೊಂಡು ಹೋಗಿ ಕುಂದಾಪುರದ ಎಲುಬಿನ ಡಾಕ್ಟರ ಮುಂದೆ ಕೂರಿಸಿದಳು. ಅವರು ಎಕ್ಸ್‌ರೇ ನೋಡಿದರು, ರಕ್ತದ ರಿಪೋರ್ಟು ನೋಡಿದರು, ನಾನು ತಿನ್ನುವ ಮಾತ್ರೆಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು ನೋಡಿದರು. ಆಮೇಲೆ ಕನ್ನಡಕ ತೆಗೆದರು. ಡಾಕ್ಟರು ಕನ್ನಡಕ ತೆಗೆದರೆ ಸುದ್ದಿ ಒಳ್ಳೆಯದಲ್ಲ. "ಮಾಷ್ಟ್ರೇ, ಮೊಣಕಾಲು ಸವೆದು ಹೋಗಿದೆ, ಅದಕ್ಕೆ ಹೆದರುವುದು ಬೇಡ, ಬದಲಿ ಸಿಗುತ್ತದೆ. ಆದರೆ ಈ ಮಾತ್ರೆಗೆ ನಿಮ್ಮ ಕಿಡ್ನಿ ಸುಸ್ತಾಗುತ್ತಾ ಬಂದಿದೆ. ಅದಕ್ಕೆ ಅಂಗಡಿಯಲ್ಲಿ ಬದಲಿ ಇಲ್ಲ" ಅಂದರು. ಆಪರೇಷನ್ ಮಾಡಿಸಲೇಬೇಕು, ಅದಕ್ಕೆ ಮೊದಲು ಮಾತ್ರೆ ಬಿಡಲೇಬೇಕು. ಒಂದರಿಂದ ರಕ್ತ ಬೇಗ ನಿಲ್ಲುವುದಿಲ್ಲ. ಇನ್ನೊಂದು, ಜೋರಿನದ್ದು, ದೇಹಕ್ಕೆ ಅಭ್ಯಾಸವಾಗಿ ಹೋಗಿದೆ. "ಈಗಲೇ ಇಷ್ಟು ತಿಂದು ಕೂತರೆ ಆಪರೇಷನ್ ಆದ ಮೇಲೆ, ನಿಜವಾದ ನೋವು ಬಂದಾಗ, ನಾವು ಏನು ಕೊಟ್ಟರೂ ನಿಮಗೆ ಮುಟ್ಟುವುದಿಲ್ಲ" ಅಂದರು. ಕೊನೆಯ ಮಾತು ನನ್ನ ಎದೆಗೆ ಬಂದು ಕುಳಿತಿತು. ಅಂದರೆ ಇದುವರೆಗೆ ನಾನು ಅನುಭವಿಸಿದ್ದು ಸುಳ್ಳು ನೋವು, ನಿಜವಾದದ್ದು ಇನ್ನು ಬರಲಿಕ್ಕಿದೆ ಅಂತಾಯಿತಲ್ಲ!

ಜೋರಿನ ಮಾತ್ರೆಯನ್ನು ಅರ್ಧ, ಕಾಲು ಎಂದು ಇಳಿಸುತ್ತಾ ಬರಬೇಕು, ಆಪರೇಷನ್ನಿಗೆ ಒಂದು ವಾರ ಮೊದಲು ಎಲ್ಲಾ ನಿಲ್ಲಿಸಿ ಬರೀ ಜ್ವರದ ಮಾತ್ರೆಯಲ್ಲಿ ಸುಧಾರಿಸಬೇಕು ಎಂದು ಗೊತ್ತಾಯಿತು. ಗಿರಿಜ ಮಾತ್ರೆಯ ಡಬ್ಬವನ್ನು ತನ್ನ ವಶಕ್ಕೆ ತೆಗೆದುಕೊಂಡಳು. ಬೇರೆಯವರಾಗಿದ್ದರೆ ಕಪಾಟಿಗೆ ಬೀಗ ಹಾಕುತ್ತಿದ್ದರು. ಅವಳು ಅಡುಗೆಮನೆಯ ಕಟ್ಟೆಯ ಕೆಳಗೆ, ನೆಲಕ್ಕೆ ತಾಗಿದ ಗೂಡಿನಲ್ಲಿ ಎಲ್ಲರಿಗೂ ಕಾಣುವ ಹಾಗೆ ಇಟ್ಟಳು. ನಾನು ಬಗ್ಗಿ ಅದನ್ನು ತೆಗೆಯಬೇಕಾದರೆ ಮೊದಲು ಮಾತ್ರೆ ತಿಂದಿರಬೇಕು. ಮಾತ್ರೆ ತಿನ್ನಬೇಕಾದರೆ ಬಗ್ಗಬೇಕು. ಒಂದು ಮಧ್ಯಾಹ್ನ ಅವಳು ಬಾವಿಕಟ್ಟೆಯಲ್ಲಿದ್ದಾಗ ಕೋಲಿನ ತುದಿಯಿಂದ ಡಬ್ಬವನ್ನು ಎಳೆಯಲು ಹೋಗಿ ಉಪ್ಪಿನಕಾಯಿ ಭರಣಿಯನ್ನು ಉರುಳಿಸಿದೆ. "ಹ್ವಾಯ್, ಎಂತ ಸದ್ದ್?" ಎಂದು ಹೊರಗಿನಿಂದ ಕೇಳಿದಳು. "ಬೆಕ್ಕ್" ಅಂದೆ. "ನಮ್ಮನಿಯಂಗೆ ಬೆಕ್ಕೆಲ್ಲಿತ್ತ್?" ಅಂದಳು. ನಾನು ಕೋಲನ್ನು ಬಾಗಿಲ ಹಿಂದೆ ಒರಗಿಸಿ ಪೇಪರು ಹಿಡಿದು ಕುಳಿತೆ.

ಹೀಗೆ ಕಷ್ಟಪಟ್ಟು ಆ ಒಂದು ವಾರದ ಬಾಗಿಲಿಗೆ ಬಂದಾಗ ಗುಲ್ವಾಡಿಯಿಂದ ನನ್ನ ಅಕ್ಕ ಪದ್ದಕ್ಕನ ಫೋನು ಬಂತು. ಪದ್ದಕ್ಕ ನಮ್ಮ ಕುಟುಂಬದ ಹಿರಿಯಳು. ಮನೆ ಕಟ್ಟುವುದಿರಲಿ, ಕಾರು ಕೊಳ್ಳುವುದಿರಲಿ, ಹೊಟ್ಟೆ ಕೊಯ್ಯಿಸುವುದಿರಲಿ, ಅವಳು ಕುಟುಂಬದ ನಾಗಬನದಲ್ಲಿ ಕಾಯಿ ಇಟ್ಟು, ಕೊಲ್ಲೂರಮ್ಮನ ಹೆಸರಲ್ಲಿ ಹಳದಿ ಬಟ್ಟೆಯಲ್ಲಿ ಮುಡಿಪು ಕಟ್ಟದೆ ನಮ್ಮಲ್ಲಿ ಯಾರೂ ಮುಂದುವರಿಯುವುದಿಲ್ಲ. ನಾನು ವಿಜ್ಞಾನವನ್ನು ನಂಬುವವನು. ಆದರೆ ಪದ್ದಕ್ಕನನ್ನೂ ನಂಬುತ್ತೇನೆ. ಅವಳು ಹೇಳಿದ್ದು ಇಷ್ಟು: "ತಮ್ಮಾ, ನನ್ನ ಮಗ್ಳ ಮಗ್ಳ್ ಹೆತ್ತಳ್. ಹೆಣ್ ಮಗು, ಲಾಯ್ಕಿತ್ತ್. ಈಗ ನಮ್ಗೆಲ್ಲ ಅಮೆ. ಮುಡಿಪ್ ಕಟ್ಟುಕಾತ್ತಿಲ್ಲೆ. ನಿನ್ನ ಕಾಲ್ ಸ್ವಲ್ಪ ಮುಂದ್ ಹಾಕ್." ಮನೆಯಲ್ಲಿ ಹೆರಿಗೆಯಾದರೆ ಬರುವ ಮೈಲಿಗೆಯೇ ಅಮೆ. ಅದು ಕಳೆಯುವ ತನಕ ದೇವರ ಕೆಲಸ ಇಲ್ಲ. ಡಾಕ್ಟರು ಈ ಊರಿನವರೇ ಆದ್ದರಿಂದ ನಿಟ್ಟುಸಿರುಬಿಟ್ಟು ಬೇರೆ ದಿನ ಕೊಟ್ಟರು.

ಆಪರೇಷನ್ನೇ ಇಲ್ಲದ ಮೇಲೆ ಪಥ್ಯ ಯಾಕೆ? ಕೆಳಗಿನ ಗೂಡಿನ ಡಬ್ಬ ಮೇಲೆ ಬಂತು. ಆ ಸಂಜೆ ಚಾ, ಗೋಳಿಬಜೆ, ಮಾತ್ರೆ ಈ ಮೂರನ್ನೂ ಒಟ್ಟಿಗೆ ಕಂಡಾಗ ಆದ ಸುಖವನ್ನು ಹೇಗೆ ಹೇಳಲಿ! ಹುಟ್ಟಿದ ಮಗುವಿಗೆ ಎಲ್ಲರಿಗಿಂತ ದೊಡ್ಡ ಬೆಳ್ಳಿಯ ಗೆಜ್ಜೆ ಕೊಟ್ಟವನು ನಾನು. ಇದೇನು ಅಜ್ಜನಿಗೆ ಇಷ್ಟು ಪ್ರೀತಿ ಎಂದು ಎಲ್ಲರೂ ಕಣ್ಣು ಒರೆಸಿಕೊಂಡರು.

ಎರಡನೆಯ ಸಲ ಮತ್ತೆ ಅರ್ಧ, ಕಾಲು ಎಂದು ಇಳಿಸಿಕೊಂಡು ಬಂದೆ. ಆಸ್ಪತ್ರೆಗೆ ಹೋಗಲು ಬ್ಯಾಗು ತುಂಬಿಸುವ ಹೊತ್ತಿಗೆ ಮುಂಬೈಯಲ್ಲಿ ಕ್ಯಾಂಟೀನು ನಡೆಸಿ ಅಲ್ಲೇ ನೆಲೆಸಿದ್ದ ನನ್ನ ಸೋದರಮಾವ ತೀರಿಕೊಂಡರು. ಚಿಕ್ಕವನಿದ್ದಾಗ ನನಗೆ ಮೊದಲ ಫುಟ್‌ಬಾಲ್ ತಂದುಕೊಟ್ಟವರು ಅವರು. ನಾನು ನಿಜವಾಗಿಯೂ ಅತ್ತೆ. ಆದರೆ ಅಳುತ್ತಿರುವಾಗಲೇ ಮನಸ್ಸಿನ ಒಂದು ಮೂಲೆ "ಹಾಗಾದರೆ ಸೂತಕ" ಎಂದು ಮೆಲ್ಲಗೆ ಹೇಳಿತು. ಆ ಮೂಲೆಯನ್ನು ಎಷ್ಟು ಗದರಿಸಿದರೂ ಅದು ಸುಮ್ಮನಾಗಲಿಲ್ಲ. ಮಾವನಿಗೆ ಒಳ್ಳೆಯ ಗತಿ ಸಿಗಲೆಂದು ಕೈಮುಗಿದು, ಅದೇ ಕೈಯಲ್ಲಿ ಮಾತ್ರೆ ತೆಗೆದುಕೊಂಡೆ.

ಈ ಸಲ ಡಾಕ್ಟರು ನಿಟ್ಟುಸಿರು ಬಿಡಲಿಲ್ಲ. ರಕ್ತ ಪರೀಕ್ಷೆ ಮಾಡಿಸಿದರು. ಕಿಡ್ನಿಯ ಅಂಕೆ ಮೊದಲಿಗಿಂತ ಇನ್ನೂ ಮೇಲೆ ಹೋಗಿತ್ತು. "ಮಾಷ್ಟ್ರೇ, ಇನ್ನೊಂದು ಸಲ ಮಾತ್ರೆಗೆ ಹಿಂದಿರುಗಿದರೆ ಆಮೇಲೆ ಆಪರೇಷನ್ ಮಾಡುವ ಧೈರ್ಯ ನನಗೆ ಬರುವುದಿಲ್ಲ. ಆಪರೇಷನ್ನಿಗೆ ನಾನು ಕೊಡುವ ಕೊನೆಯ ದಿನ ಇದು ಅಂತ ಇಟ್ಟುಕೊಳ್ಳಿ" ಎಂದು ನನ್ನನ್ನು ಬಿಟ್ಟು ಗಿರಿಜಳ ಮುಖ ನೋಡಿ ಹೇಳಿದರು. ರಿಕ್ಷಾ ಕೋಟೇಶ್ವರ ಪೇಟೆಗೆ ಬಂದಾಗ ಗೋಳಿಬಜೆಯ ಹೋಟೆಲಿನ ಕಡೆಗೆ ನಾನು ನೋಡಲಿಲ್ಲ.

ಈಗ ಒಂದು ವಿಷಯ ಹೇಳಿಬಿಡಬೇಕು. ನನಗೆ ಹೆದರಿಕೆ. ನೋವಿನ ಹೆದರಿಕೆ ಹೌದು, ಆದರೆ ಅದಕ್ಕಿಂತ ಹೆಚ್ಚಿನದು ಮಲಗಿಸಿ, ಮದ್ದು ಕೊಟ್ಟು, ಪುನಃ ಎಚ್ಚರವೇ ಆಗದಿದ್ದರೆ ಎಂಬ ಹೆದರಿಕೆ. ಜೀವಮಾನವಿಡೀ ಪೀಪಿ ಊದಿ ನೂರಾರು ಮಕ್ಕಳನ್ನು ಬಿಸಿಲಲ್ಲಿ ಓಡಿಸಿದ ಮನುಷ್ಯ ಇದನ್ನು ಯಾರ ಹತ್ತಿರ ಹೇಳುವುದು? ಹಾಗಾಗಿ ಹೇಳದೆ ಬೇರೆ ದಾರಿ ಹುಡುಕಿದೆ. ನೆಂಟರಿಷ್ಟರಿಗೆ ಫೋನು ಮಾಡತೊಡಗಿದೆ. ವರ್ಷಗಟ್ಟಲೆ ಮಾತಾಡದವರ ಯೋಗಕ್ಷೇಮವನ್ನೂ ವಿಚಾರಿಸಿದೆ. "ಅಜ್ಜಿ ಹ್ಯಾಂಗಿದ್ರ್? ಉಣ್ತ್ರಾ? ಎದ್ದ್ ತಿರ್ಗ್ತ್ರಾ?" ಎಂದು ಕೇಳಿದರೆ, "ಹ್ಞಾಂ, ಅವ್ರಿಗೆಂತ, ಗುಂಡ್ಕಲ್ಲ್" ಎಂಬ ಉತ್ತರ. ಬಸುರಿಯರನ್ನು ವಿಚಾರಿಸಿದರೆ ಎಲ್ಲರಿಗೂ ಇನ್ನೂ ತಿಂಗಳುಗಳಿದ್ದವು. ನಮ್ಮ ಕುಟುಂಬ ಇಷ್ಟು ಗಟ್ಟಿಮುಟ್ಟಾಗಿದೆ ಎಂದು ನನಗೆ ಆವರೆಗೆ ಗೊತ್ತಿರಲಿಲ್ಲ.

ಕೊನೆಯ ವಾರ ಶುರುವಾಗಿ ಮೊಣಕಾಲು ಕೂಗಿಡತೊಡಗಿದ್ದಾಗ, ಬ್ರಹ್ಮಾವರದ ಕಡೆಯಿಂದ ಸುದ್ದಿ ಬಂತು. ನನ್ನ ಅಪ್ಪನ ಚಿಕ್ಕಮ್ಮನ ಮಗ, ತೊಂಬತ್ತು ದಾಟಿದವರು, ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲವಂತೆ. ನಾನು ಮುಖವನ್ನು ಆದಷ್ಟು ಸಪ್ಪೆ ಮಾಡಿಕೊಂಡು ಗಿರಿಜಳಿಗೆ ಹೇಳಿದೆ. "ಎಂತ ಮಾಡುದ್ ಹೇಳ್, ನನ್ನ ಹಣೆಬರಾ. ಮತ್ತೆ ಸೂತ್ಕ." ಅವಳು ಫೋನು ಎತ್ತಿ, ನನಗೂ ಕೇಳುವ ಹಾಗೆ ಸ್ಪೀಕರು ಹಾಕಿ, ಗುಲ್ವಾಡಿಗೆ ಮಾಡಿದಳು.

"ಪದ್ದಕ್ಕ, ಬ್ರಹ್ಮಾವರದವ್ರ್ ತೀರ್ಕಂಡ್ರಂಬ್ರ್. ಇವ್ರ್ ಆಪರೇಷನ್ ಮುಂದ್ ಹಾಕ್ಕ್ ಅಂತ್ರ್."

"ಯಾವ ಬ್ರಹ್ಮಾವರದವ್ರ್?"

ನಾನೇ ವಿವರಿಸಿದೆ. ಅಪ್ಪನ ಚಿಕ್ಕಮ್ಮನ ಮಗ ಎಂಬುದನ್ನು ಆದಷ್ಟು ಮೆಲ್ಲಗೆ, ಬಹಳ ಹತ್ತಿರದವರು ಎಂಬುದನ್ನು ಆದಷ್ಟು ಗಟ್ಟಿಯಾಗಿ ಹೇಳಿದೆ. ಆ ಕಡೆ ಪದ್ದಕ್ಕ ಎಲೆಯಡಿಕೆ ಉಗಿದು ಬಂದ ಸದ್ದು ಕೇಳಿತು.

"ತಮ್ಮಾ, ನಿಂಗೆ ಕಾಲ್ ಸಮ ಇಲ್ಲೆ ಅಂದೇಳಿ ಗೊತ್ತಿತ್ತ್. ತಲಿಯೂ ಸಮ ಇಲ್ಯಾ? ಅದ್ ಅಪ್ಪನ ಬದಿ. ನಮ್ಗೆ ಅಮ್ಮನ ಬದಿ ಸೂತ್ಕ. ಅಪ್ಪ ಸತ್ತಾಗ ಬಿಟ್ರೆ ಅವ್ರ ಬಳಿಯವ್ರ್ ಸತ್ತದ್ದಕ್ಕೆ ನೀ ಎಂದ್ ಮಿಂದಿದೆ? ಇಷ್ಟ್ ವರ್ಷ ಇಲ್ದಿದ್ದ ಸೂತ್ಕ ಈಗ ಎಲ್ಲಿಂದ ತಂದೆ ಮಾರಾಯಾ?"

ನಮ್ಮದು ಅಳಿಯಸಂತಾನದ ಕುಟುಂಬ. ಬಳಿ, ಅಂದರೆ ಗೋತ್ರದಂಥ ಕುಲದ ಹೆಸರು, ತಾಯಿಯಿಂದ ಬರುತ್ತದೆ, ಆಸ್ತಿಯ ಮಾತೂ ಹಿಂದೆ ತಾಯಿಯಿಂದ ಬರುತ್ತಿತ್ತು, ಅಮೆ ಸೂತಕಗಳೂ ತಾಯಿಯ ದಾರಿಯಲ್ಲೇ ಬರಬೇಕು. ಇದು ನಮ್ಮಲ್ಲಿ ತೊಟ್ಟಿಲ ಮಗುವಿಗೂ ಗೊತ್ತು. ಹೆದರಿಕೆಯಲ್ಲಿ ನಾನು ಹುಟ್ಟಿದ ಬಳಿಯನ್ನೇ ಮರೆತಿದ್ದೆ. "ನಾಳೆ ಮುಡಿಪ್ ಕಟ್ತೆ. ನೀ ಸುಮ್ನೆ ಹೋಯ್ ಮನಿಕೋ" ಎಂದು ಪದ್ದಕ್ಕ ಫೋನು ಇಟ್ಟಳು. ಗಿರಿಜ ನಗಲೂ ಇಲ್ಲ, ಬೈಯಲೂ ಇಲ್ಲ. ಎರಡರಲ್ಲಿ ಒಂದು ಮಾಡಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಆ ವಾರ ಕಳೆದದ್ದು ನನಗೇ ಗೊತ್ತು. ಮಾತ್ರೆ ಇಲ್ಲದ ಮೊಣಕಾಲು ಹೇಗಿರುತ್ತದೆ ಎಂದು ಮೊದಲ ಬಾರಿಗೆ ಸರಿಯಾಗಿ ಪರಿಚಯವಾಯಿತು. ಸಿಟ್ಟು ಬರುತ್ತಿತ್ತು, ಬೆವರು ಬರುತ್ತಿತ್ತು, ಟಿವಿಯಲ್ಲಿ ಯಾರಾದರೂ ಓಡಿದರೆ ಅವರ ಮೇಲೂ ಸಿಟ್ಟು ಬರುತ್ತಿತ್ತು. ಗಿರಿಜ ಬಿಸಿನೀರಿನ ಚೀಲ ತಂದಿಡುವಳು, ಎಣ್ಣೆ ತಿಕ್ಕುವಳು, ನಾನು ರೇಗಿದರೆ ಎದ್ದು ಹೋಗಿ ಸ್ವಲ್ಪ ಹೊತ್ತಿನಲ್ಲಿ ಮತ್ತೆ ಬಂದು ತಿಕ್ಕುವಳು. "ಒಂದೇ ಒಂದ್ ಗುಳ್ಗಿ ಕೊಡ್ ಹೆಣೆ, ಡಾಕ್ಟ್ರಿಗೆ ಹೇಳುದ್ ಬ್ಯಾಡ" ಎಂದು ಒಂದು ದಿನ ಬೇಡಿಕೊಂಡೆ. "ಡಬ್ಬಿ ಅಲ್ಲೇ ಇತ್ತಲೆ, ಬಗ್ಗಿ ತಕಣಿ" ಅಂದಳು. ಕಲ್ಲಿನಂಥ ಹೆಂಗಸು ಎಂದು ಮನಸ್ಸಿನಲ್ಲೇ ಬೈದುಕೊಂಡೆ.

ಆಪರೇಷನ್ನಿನ ಬೆಳಿಗ್ಗೆ ಹಸಿರು ಅಂಗಿ ತೊಡಿಸಿ, ಗಾಲಿಮಂಚದಲ್ಲಿ ಮಲಗಿಸಿ, ನರ್ಸಮ್ಮ ತಳ್ಳಿಕೊಂಡು ಹೊರಟರು. ವಿಚಿತ್ರವೆಂದರೆ ಮಲಗಿದ ಮೇಲೆ ನನಗೆ ಅಷ್ಟು ಹೆದರಿಕೆ ಆಗಲಿಲ್ಲ. ತಪ್ಪಿಸಿಕೊಳ್ಳುವ ದಾರಿಗಳೆಲ್ಲ ಮುಗಿದಾಗ ಹೆದರಿಕೆಗೂ ಕೆಲಸ ಇರುವುದಿಲ್ಲ ಅಂತ ಕಾಣುತ್ತದೆ. ಪದ್ದಕ್ಕ ಕಳಿಸಿದ ಕುಂಕುಮವನ್ನು ಹಣೆಗೆ ಹಚ್ಚುತ್ತಾ ಗಿರಿಜ ಪಕ್ಕದಲ್ಲೇ ನಡೆದು ಬಂದಳು. ಥಿಯೇಟರಿನ ಬಾಗಿಲು ಬಂತು. ಇನ್ನು ನೀವು ಇಲ್ಲೇ ನಿಲ್ಲಬೇಕು ಎಂದು ನರ್ಸಮ್ಮ ಅವಳಿಗೆ ಹೇಳಿದರು. ಅವಳು ನಿಲ್ಲಲಿಲ್ಲ. ಮಂಚದ ಕಬ್ಬಿಣದ ಸರಳನ್ನು ಗಟ್ಟಿಯಾಗಿ ಹಿಡಿದುಕೊಂಡು, ನನ್ನ ಕಿವಿಯ ಹತ್ತಿರ ಬಗ್ಗಿ ಹೇಳಿದಳು:

"ಹ್ವಾಯ್, ಒಂದ್ ಮಾತ್. ಆ ಬ್ರಹ್ಮಾವರದವ್ರ್ ತೀರ್ಕಂಡದ್ದಕ್ಕೆ ನಮ್ಗೆ ಒಂಚೂರಾದ್ರೂ ಸೂತ್ಕ ಬತ್ತಿಲ್ಯಾ? ಪದ್ದಕ್ಕನತ್ರ ಇನ್ನೊಂದ್ ಸಲ ಕೇಂಬನಾ?"

ನಾನು ಅವಳ ಮುಖ ನೋಡಿದೆ. ಇಷ್ಟು ದಿನ ಡಬ್ಬವನ್ನು ಕೆಳಗಿನ ಗೂಡಿನಲ್ಲಿಟ್ಟವಳು, ಸ್ಪೀಕರು ಹಾಕಿ ನನ್ನ ಮಾನ ಕಳೆದವಳು, ಕಲ್ಲು ಎಂದು ನಾನು ಬೈದುಕೊಂಡವಳು, ನನಗಿಂತ ಹೆಚ್ಚು ಹೆದರಿದ್ದಳು. ನಾನು ಮನೆ ತುಂಬ ಹೆದರಿಕೊಂಡು ತಿರುಗುತ್ತಿದ್ದುದರಿಂದ ಅವಳಿಗೆ ಹೆದರಲು ಜಾಗವೇ ಉಳಿದಿರಲಿಲ್ಲ. ಅವಳ ಮೇಲೆ ಅಷ್ಟು ಪ್ರೀತಿ ಮದುವೆಯ ದಿನವೂ ಹುಟ್ಟಿರಲಿಲ್ಲ ಅಂದರೆ ತಪ್ಪಾಗುತ್ತದೋ ಏನೋ, ಆದರೆ ನಿಜ. "ಅಪ್ಪನ ಬದಿದ್ ನಮ್ಗೆ ತಾಗುದಿಲ್ಲೆ ಹೆಣೆ. ನೀ ಹೋಯಿ ಒಂದ್ ಚಾ ಕುಡಿ, ಅಷ್ಟೊತ್ತಿಗೆ ಬತ್ತೆ" ಅಂದೆ. ಪೇಟೆಗೆ ಮೀನು ತರಲು ಹೊರಟವನ ಹಾಗೆ ಹೇಳಿದೆ. ಅವಳು ಸರಳು ಬಿಟ್ಟಳು. ಬಾಗಿಲು ಮುಚ್ಚಿದ ಮೇಲೆ ನಾನು ನರ್ಸಮ್ಮನ ಕೈ ಹಿಡಿದುಕೊಂಡೆ, ಅದು ಬೇರೆ ವಿಷಯ.

ಬಂದೆ. ಎಚ್ಚರವಾಯಿತು. ನೋವೂ ಇತ್ತು. ಆದರೆ ಡಾಕ್ಟರು ಹೇಳಿದ್ದು ಸರಿಯಾಗಿತ್ತು. ಮಾತ್ರೆ ಬಿಟ್ಟು ಬಂದಿದ್ದ ದೇಹಕ್ಕೆ ಅವರು ಕೊಟ್ಟ ಸ್ವಲ್ಪ ಮದ್ದೇ ಚೆನ್ನಾಗಿ ಮುಟ್ಟಿತು. ಪಕ್ಕದ ಮಂಚದವರು ಗೋಗರೆಯುತ್ತಿದ್ದಾಗ ನಾನು ಗಂಜಿ ಉಂಡು ಗೊರಕೆ ಹೊಡೆದೆನಂತೆ. ಮರುದಿನವೇ ವಾಕರು ಹಿಡಿಸಿ ನಡೆಸಿದರು. ಕಿಡ್ನಿಯ ಅಂಕೆಯೂ ಮೆಲ್ಲನೆ ಕೆಳಗಿಳಿಯಿತು. ಮನೆಗೆ ಬಂದು ಕೆಲವು ವಾರಗಳಲ್ಲಿ ಎಲ್ಲ ಮಾತ್ರೆಯೂ ನಿಂತಿತು. ಈಗ ಮದುವೆ ಮನೆಯಲ್ಲಿ ಯಾರಾದರೂ ಜೇಬಿನಿಂದ ಪಟ್ಟಿ ತೆಗೆದರೆ ಎದ್ದುನಿಂತು, ಬಲಗಾಲನ್ನು ಎರಡು ಸಲ ಮಡಚಿ ತೋರಿಸಿ, ದೀರ್ಘವಾಗಿ ಉಪದೇಶ ಮಾಡುತ್ತೇನೆ. ಹೆದರಿಕೆ ಎಂಬುದು ಬರೀ ಮನಸ್ಸಿನ ಭ್ರಮೆ ಎಂದು ವಿವರಿಸುತ್ತೇನೆ. ಆಗೆಲ್ಲ ಗಿರಿಜ ಅಲ್ಲಿಂದ ಎದ್ದು ಹೆಂಗಸರ ಕಡೆಗೆ ಹೋಗುತ್ತಾಳೆ.

ಮೊನ್ನೆ ಪರೀಕ್ಷೆಗೆ ಹೋದಾಗ ಡಾಕ್ಟರು ಬಲಗಾಲನ್ನು ನೋಡಿ ಬಹಳ ಹೊಗಳಿದರು. ಆಮೇಲೆ ಎಡಗಾಲನ್ನು ಹಿಡಿದು ಒಮ್ಮೆ ಮಡಚಿದರು. ಒಳಗಿನಿಂದ ಹಳೆಯ ಗೇಟು ತೆರೆದಂಥ ಸದ್ದು ಬಂತು. ಅವರು ಕನ್ನಡಕ ತೆಗೆದರು. "ಇದಕ್ಕೂ ಒಂದು ಒಳ್ಳೆಯ ದಿನ ನೋಡುವ ಮಾಷ್ಟ್ರೇ, ಈಗ ನಿಮಗೆ ಹೆದರಿಕೆ ಇಲ್ಲವಲ್ಲ" ಅಂದರು. "ಹೆದರಿಕೆ ಎಂಥದು!" ಎಂದು ನಾನು ಜೋರಾಗಿ ನಕ್ಕೆ. ಮನೆಗೆ ಬಂದು, ಗಿರಿಜ ತೋಟಕ್ಕೆ ಹೋದ ಸಮಯ ನೋಡಿ, ನೆಂಟರಿಗೆಲ್ಲ ಒಂದೊಂದು ಫೋನು ಮಾಡಿದೆ. ಈ ಸಲ ಅಮ್ಮನ ಬದಿಯವರಿಗೆ ಮಾತ್ರ. ಎಲ್ಲರೂ ಬಹಳ ಆರೋಗ್ಯವಾಗಿದ್ದಾರಂತೆ. ಕೇಳಿ ಸಂತೋಷವಾಯಿತು ಎಂದು ಹೇಳಬೇಕಲ್ಲ, ಹೇಳಿದೆ.